ಬಣ್ಣ ಒಣಗುವವರೆಗಿನ ಕಥೆ

ಬಣ್ಣ ಒಣಗುವವರೆಗೆ ಮಕ್ಕಳ ಕೈ ತಡೆಯಲು ಕಥೆ ಹೇಳುವ ಉಪಾಯವನ್ನು ನಾನು ಬಿಜಾಪುರದಲ್ಲೇ ಮಾಡಿದ್ದೆನೋ, ಅಥವಾ ಗೋವಾದಲ್ಲಿ ಶೀಲಾ ಬಾಯಿ ಮಾಡುವುದನ್ನು ಕಂಡ ಮೇಲೆ ಹಾಗೆಂದುಕೊಂಡೆನೋ, ಈಗ ಖಚಿತವಿಲ್ಲ. ನನ್ನದೇ ಎಂದು ಸಿಕ್ಕವರಿಗೆಲ್ಲ ಹೇಳಿದ್ದೇನೆ.

ಅನುಮಾನವಿಲ್ಲದೆ ನೆನಪಿರುವುದು ನನ್ನ ಅಂಗಿ. ಎಂ.ಎ. ಮುಗಿಸಿ, ಊರಲ್ಲೇ ಸ್ವಲ್ಪ ಕಾಲ ಪಾಠ ಹೇಳಿ, ಎಂಬತ್ತರ ದಶಕದ ಕೊನೆಗೆ ಗೋವಾದ ಸಾವರ್ಡೆಯ ಶಾಲೆಗೆ ಹೋದೆ. ಜೂನ್ ತಿಂಗಳು. ಒಗೆದು ಹಾಕಿದ ಅಂಗಿ ಹಗ್ಗದ ಮೇಲೆಯೇ ಬೂಸ್ಟು ಹಿಡಿಯಿತು. ನಮ್ಮಲ್ಲಿ ಮುಂಜಾನೆ ಒಗೆದದ್ದನ್ನು ಊಟಕ್ಕೆ ಮೊದಲೇ ಮಡಿಚಿಡುತ್ತೇವೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ಅಲ್ಲಿ ಚಪಾತಿಯಂತೆ ಬಾಗಿತು.

ಒಂದೇ ಕೋಣೆ, ನಡುವೆ ಪ್ಲೈವುಡ್ ತಡಿಕೆ. ಈಚೆ ಅದಿರು ಲಾರಿಯವರ ಮಕ್ಕಳಿಗೆ ನನ್ನ ಕನ್ನಡ ವರ್ಗ, ಆಚೆ ಶೀಲಾ ಬಾಯಿಯ ಮರಾಠಿ ವರ್ಗ. ಬಾಯಿ ಎಂದರೆ ಅಲ್ಲಿ ಟೀಚರು. ಪಾಠದ ನದಿ, ಕಾಡುಗಳನ್ನೆಲ್ಲ ಅವರು ಜಲವರ್ಣದಲ್ಲಿ ಬರೆಸುತ್ತಿದ್ದರು. ಮೊದಲ ಬಣ್ಣ ಒಣಗದೆ ಎರಡನೆಯದು ಹಚ್ಚುವಂತಿಲ್ಲ. "ರಾವ್, ರಾವ್" ಎನ್ನುವರು, ಕೊಂಕಣಿಯಲ್ಲಿ ತಡಿ ಎಂದರ್ಥ. ಆಮೇಲೆ ಕಥೆ ತೆಗೆಯುವರು. ಆಚೆಯವರು ನಕ್ಕರೆ ಈಚೆ ನನ್ನ ಮಕ್ಕಳೂ ನಗುತ್ತಿದ್ದರು, ಭಾಷೆ ಅರ್ಧ ತಿಳಿಯದಿದ್ದರೂ. ನನ್ನ ಪಾಠಕ್ಕೆ ಒಬ್ಬರೂ ಹಾಗೆ ನಕ್ಕಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ಲಾರಿ ಡ್ರೈವರ್ ದಸ್ತಗೀರನ ಮಗಳು ಶಮೀಮ್, ನನ್ನ ವರ್ಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು, ಒಂದು ದಿನ ಎದ್ದು ನಿಂತಳು.

"ಸರ್, ನಾ ಬಾಯಿ ಕಡೆ ಕುಂದರ್ಲೇನ್ರಿ?"

"ಯಾಕವಾ, ಇಲ್ಲಿ ಏನ್ ಕಮ್ಮಿ ಐತಿ?"

"ಅಲ್ಲಿ ಹುಲಿ ಬರಾಕತ್ತೈತ್ರಿ."

ಅವಳನ್ನು ಬಿಟ್ಟುಕೊಡಲಾರೆ ಎಂದು ಮಡಗಾಂವಿಗೆ ಹೋಗಿ ಬಣ್ಣ ತಂದೆ. ಮುಗಿಲು ಬರೆಸಿ, ಬಿಜಾಪುರದಲ್ಲಿ ಹೇಳುತ್ತಿದ್ದ ರಾಜನ ಕಥೆ ಶುರುಮಾಡಿದೆ.

"ಸರ್, ನಿಮ್ ರಾಜಾ ಸತ್ತ. ಮುಗಿಲು ಇನ್ನಾ ಹಸೀನ ಐತ್ರಿ."

"ಇನ್ನೊಬ್ಬ ರಾಜಾನ್ನ ಕರೀರಿ ಸರ್!" ಹಿಂದಿನ ಸಾಲಿನಿಂದ ಇನ್ನೊಂದು ದನಿ.

ಸಿಟ್ಟಿನಲ್ಲಿ, ಹೊಲದ ಹಸಿರು ಹಚ್ಚಿರಿ ಎಂದೆ. ಮುಗಿಲೂ ಹೊಲವೂ ಕಲೆತು ರಾಡಿಯಾಯಿತು. ಶಮೀಮ್ ತನ್ನ ಹಾಳೆ ಎತ್ತಿಕೊಂಡು ತಡಿಕೆಯ ಆಚೆ ನಡೆದಳು. ಮಕ್ಕಳಿಂದ ಕಲಿತ ಕನ್ನಡದಲ್ಲಿ ಬಾಯಿ ಹೇಳುವುದು ಕೇಳಿಸಿತು: "ಭಾಳ ಚಲೋ ಆಗೇತಿ. ಹುಲಿ ಈ ರಾಡ್ಯಾಗ ಇಲ್ಲೇ ಹೋತು ನೋಡ. ಹೆಜ್ಜಿ ಎಲ್ಲಿ?"

ಆ ಮಾತು ನನಗೇಕೆ ಹೊಳೆಯಲಿಲ್ಲ ಎಂದು ಇಂದಿಗೂ ಕುದಿಯುತ್ತೇನೆ. ಓದಿಗೆ ಶಮೀಮ್ ನನ್ನ ಬಳಿ ಮರಳಿದಳು. ಚಿತ್ರದ ಹೊತ್ತಿಗೆ ಎಂದೂ ಇಲ್ಲ.

ಸಾವರ್ಡೆಯಲ್ಲಿ ನಾನು ಘಟ್ಟದಾಚೆಯವನು, ಬಿಜಾಪುರದಲ್ಲಿ ಗೋವಾದವನು. ಒಂದು ರಜೆಗೆ ಊರಿಗೆ ಹೋಗಿ ಅಕ್ಕನ ಮನೆಯಲ್ಲಿ ಅವಳ ಮಗನಿಂದ ಮುಗಿಲು ಬರೆಸಿ, "ರಾವ್" ಎಂದು ರಾಜನ ಕಥೆ ತೆಗೆದೆ.

"ಒಣಗೇತಿ ಮಾಮಾ."

ಬೇಸಿಗೆಯಾದ್ದರಿಂದ ಇರಬೇಕು ಎಂದು ಶ್ರಾವಣದಲ್ಲೂ ಹೋಗಿ, ಹಾಳೆಯನ್ನು ನೆರಳಿನಲ್ಲಿಟ್ಟು ನೋಡಿದೆ. ಬಿಜಾಪುರದಲ್ಲಿ ರಾಜ ಕುದುರೆ ಹತ್ತುವ ಮೊದಲೇ ಬಣ್ಣ ಒಣಗುತ್ತದೆ. ಅಲ್ಲಿ ಆ ಉಪಾಯಕ್ಕೆ ಹೊತ್ತೇ ಸಿಗುವುದಿಲ್ಲ.