ಏರಿನಲ್ಲಿ ಇಳಿಯಬಾರದ ಗಾಡಿ

ಆ ದಿನ ನಮ್ಮ ಕಾರು ದಿಬ್ಬ ಹತ್ತಿದ್ದು ನಮ್ಮ ಭಾವನವರ ಮೈತೂಕದಿಂದ. ಅತ್ತೆ ಸಾಯುವವರೆಗೂ ಅದು ತಾವು ಚಕ್ರಕ್ಕೆ ಇಟ್ಟ ನಿಂಬೆಹಣ್ಣಿನ ಮಹಿಮೆ ಎಂದರು. ನಮ್ಮ ಯಜಮಾನರು ತಮ್ಮ ಕಾಲಿನ ಹದ ಎಂದರು. ಊರವರು ನನ್ನ ತಾಳಿಯ ಬಲ ಎಂದರು. ತೂಕವನ್ನು ಇರಬೇಕಾದ ಕಡೆ ಇಟ್ಟೆವು, ಕಾರು ಹತ್ತಿತು. ಹಾಗೆ ಇಡಬೇಕು ಎಂದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಯಜಮಾನರು ಮದುವೆಗೆ ಮುಂಚಿನಿಂದಲೂ ಸಕಲೇಶಪುರದಾಚೆ ಕಾಫಿ ತೋಟದ ಒಬ್ಬ ಬಿಳಿ ದೊರೆಯ ಹತ್ತಿರ ಡ್ರೈವರಾಗಿದ್ದರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಹಳೆಯ ಅಮೆರಿಕದ ಕಾರನ್ನು ಇವರಿಗೇ ಕೊಟ್ಟು ಹೋದ. ಪುಕ್ಕಟೆಯಲ್ಲ. ಆ ವರ್ಷ ಬೆಲ್ಲ ಮಾರಿದ್ದೆಲ್ಲ ಅದಕ್ಕೆ ಹೋಯಿತು. ಭಾವನವರು, ಅಂದರೆ ಯಜಮಾನರ ಅಣ್ಣ, ಆ ದುಡ್ಡಿನಲ್ಲಿ ಬಾವಿಗೆ ಆಯಿಲ್ ಇಂಜಿನ್ ಕೂರಿಸಬೇಕು ಎಂದಿದ್ದವರು. ತಮ್ಮನ ಆಸೆಗೆ ಒಪ್ಪಿದರು, ಒಪ್ಪಿದ್ದನ್ನು ದಿನಾ ನೆನಪಿಸಿದರು.

ಕಾರು ಆನೆಯಷ್ಟಿತ್ತು. ಮೂತಿ ಕೊಟ್ಟಿಗೆಯೊಳಗೆ ಹೋದರೆ ಬಾಲ ಅಂಗಳದಲ್ಲಿ. ಇಂಜಿನ್ನಿಗೆ ಎಂಟು ಸಿಲಿಂಡರು. ಒಣ ರಸ್ತೆಯಲ್ಲಿ ಅದಕ್ಕೆ ಎದುರಿಲ್ಲ. ಅರಕಲಗೂಡಿನಲ್ಲಿ ಹಾಸನಕ್ಕೆ, ಹೊಳೆನರಸೀಪುರಕ್ಕೆ ಹೋಗುವ ಜನ ಬಸ್ಸು ಬಿಟ್ಟು ನಮ್ಮ ಕಾರಿಗೆ ಕಾಯುತ್ತಿದ್ದರು. ಮಳೆ ಬಿತ್ತೋ, ಆ ಬಲವೇ ಅದಕ್ಕೆ ಶತ್ರು. ಇಂಜಿನ್ನಿನ ಭಾರವೆಲ್ಲ ಮುಂದೆ, ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಕಾಲು ಒಂದು ಚೂರು ಹೆಚ್ಚು ಒತ್ತಿದರೂ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಗುಂಡಿ ತೋಡುತ್ತಿತ್ತು. ಈಗಿನ ಕಾರುಗಳಲ್ಲಿ ಚಕ್ರ ಜಾರಿದರೆ ಕಾರಿಗೇ ತಿಳಿಯುತ್ತದಂತೆ, ತಾನೇ ಬಿಗಿ ಹಿಡಿಯುತ್ತದಂತೆ. ಮೊಮ್ಮಗಳು ಹೇಳುತ್ತಾಳೆ. ನಮ್ಮ ಕಾರಿಗೆ ಏನೂ ತಿಳಿಯುತ್ತಿರಲಿಲ್ಲ.

ಹೊಳೆನರಸೀಪುರದ ರಸ್ತೆಯಲ್ಲಿ ನಮ್ಮೂರು ದಾಟಿದ ಮೇಲೆ ಒಂದು ದಿಬ್ಬ ಬರುತ್ತದೆ. ಆಗ ಅಲ್ಲಿ ಜಲ್ಲಿಯೆಲ್ಲ ಕಿತ್ತುಹೋಗಿ ಬರೀ ಜೇಡಿಮಣ್ಣು ಉಳಿದಿತ್ತು. ಮಳೆ ಬಿದ್ದರೆ ಬೆಣ್ಣೆ ಸವರಿದ ಹಾಗೆ.

ನಮ್ಮ ಕಡೆ ಏರು ಬಂದರೆ ಗಾಡಿಯಿಂದ ಇಳಿಯುತ್ತೇವೆ. ಎತ್ತಿಗೆ ಭಾರವಾಗಬಾರದು. ಮದುವೆ ಗಂಡೂ ಇಳಿದು ನಡೆಯುತ್ತಾನೆ. ಕಾರು ಬಂದ ಮೇಲೂ ಜನ ಅದೇ ಅಭ್ಯಾಸ ಇಟ್ಟುಕೊಂಡರು. ದಿಬ್ಬ ಕಂಡ ಕೂಡಲೇ ಹಿಂದಿನ ಸೀಟಿನವರು ತಾವಾಗಿಯೇ ಬಾಗಿಲು ತೆಗೆದು ಇಳಿಯುವರು, ಡಿಕ್ಕಿಯಲ್ಲಿದ್ದ ಮೂಟೆಯನ್ನೂ ಇಳಿಸಿ ತಲೆಯ ಮೇಲೆ ಹೊತ್ತು ನಡೆಯುವರು. ಪುಣ್ಯವಂತರು. ಅವರು ಇಳಿದಷ್ಟೂ ಕಾರು ಜಾರುತ್ತಿತ್ತು. ಕೊನೆಗೆ ಎತ್ತು ತಂದು ಹಗ್ಗ ಕಟ್ಟಿ ಎಳೆಸಬೇಕು.

ಆ ಮಳೆಗಾಲದಲ್ಲಿ ಇದು ಮೇಲಿಂದ ಮೇಲೆ ಆಯಿತು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳು ಕೊಡ ಇಳಿಸಿ ಕೇಳಿದಳು.

"ಏನಮ್ಮಿ, ನಿಮ್ಮನೆ ಕಾರಿಗೆ ಉಳ್ಳಿಕಾಳು ಬೇಯಿಸಿ ಆಕ್ತೀರೋ, ಬರೀ ಬೂಸಾನೋ?"

"ನಿನ್ ಗಂಡ ತಿಂದು ಮಿಕ್ಕುದ್ನ ಆಕ್ತೀವಿ" ಎಂದೆ. ಅಂದರೂ ಮನಸ್ಸಿಗೆ ಚುಚ್ಚಿತು. ಕಾರಿಗೆ ಕಾಯುತ್ತಿದ್ದ ಜನ ಮತ್ತೆ ಬಸ್ಸಿಗೆ ಹೋಗತೊಡಗಿದ್ದರು.

ಒಂದು ಸಂಜೆ ಊಟಕ್ಕೆ ಕೂತಾಗ ಭಾವನವರು ಮಾತು ತೆಗೆದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರೊಬ್ಬರು ಕಾರು ಕೇಳಿದ್ದರು.

"ನಾಳಿದ್ದು ತಕ್ಕೊಂಡು ಓಗಾನ. ಕೀಲಿ ಕೊಟ್ಟು ಬಸ್ಸಲ್ಲಿ ಬರಾನ."

ಯಜಮಾನರ ಕೈ ಮುದ್ದೆಯಲ್ಲೇ ನಿಂತಿತು. "ಅಣ್ಣ, ದಿಬ್ಬನ ಅದೇ ಅತ್ತುದ್ರೆ?" ಎಂದರು.

"ಎತ್ತು ಕಟ್ಟದೆ, ಬ್ಯಾರೆ ಮನೆಯೋರ ಕೈ ತಾಗದೆ ಅತ್ತುದ್ರೆ, ಮಾರೋ ಮಾತು ಇನ್ನು ನನ್ ಬಾಯಲ್ಲಿ ಬರಾಕಿಲ್ಲ. ಅತ್ತದಿದ್ರೆ ಎತ್ತು ಕಟ್ಟಿ ಮ್ಯಾಕೆ ಎಳ್ಸಿ, ಅಂಗೇ ಮಂಡಿಗೆ ಬುಟ್ಬುಡಾದು. ಆಯ್ತಾ?"

"ಆಯ್ತು" ಎಂದರು ಇವರು. ಊಟ ಮುಗಿಸಲಿಲ್ಲ.

ಕಾರು ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಇವರಿಗೆ ಬೇಸಾಯ ಒಗ್ಗದು. ಮತ್ತೆ ಯಾವುದೋ ತೋಟದ ಆಳುಗಳ ಲೈನ್ ಮನೆಗೆ ಹೊರಡುತ್ತಾರೆ. ಯುಗಾದಿಗೆ, ಗೌರಿ ಹಬ್ಬಕ್ಕೆ ಮಾತ್ರ ಮುಖ ತೋರಿಸುವ ಗಂಡನಾಗುತ್ತಾರೆ. ಮದುವೆಯಾದ ಹೊಸದರಲ್ಲಿ ಅಂಥ ಬಾಳು ಬಾಳಿದ್ದೆ. ಸಾಕಾಗಿತ್ತು.

ಹೊರಡುವ ದಿನ ನಾನೂ ಹತ್ತಿದೆ. ನನ್ನ ತವರು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ. ಮಗುವನ್ನು ಮೊದಲೇ ಅಲ್ಲಿಗೆ ಕಳಿಸಿದ್ದೆ, ಕರೆತರಬೇಕಿತ್ತು. ಅತ್ತೆಯೂ ಸೀರೆ ಬದಲಿಸಿ ಬಂದರು.

"ನೀನ್ಯಾಕವ್ವ?" ಎಂದರು ಭಾವ.

"ಮುದಿ ಎತ್ತು ಮಾರ್ದಾಗ್ಲೂ ಸಂತೆಗಂಟ ಓಗಿವ್ನಿ. ಇದೇನು ಕಡಮೆ ತಿಂದದಾ ನಮ್ಮನೇದ?"

ಅತ್ತೆ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟರು, ಕಾರು ಅವನ್ನು ಅರೆದುಕೊಂಡು ಹೊರಟಿತು. ಹಿಂದಿನ ದಿನವೆಲ್ಲ ಮಳೆ ಹೊಡೆದಿತ್ತು. ಭಾವ ಮುಂದೆ ಯಜಮಾನರ ಪಕ್ಕ, ನಾವಿಬ್ಬರು ಹೆಂಗಸರು ಹಿಂದೆ. ದಿಬ್ಬದ ಬುಡದಿಂದ ಯಜಮಾನರು ಜೋರಾಗಿ ನುಗ್ಗಿಸಿದರು. ಅರ್ಧ ದಿಬ್ಬ ಹೋಯಿತು. ಹಿಂದಿನ ಚಕ್ರ ಒದರತೊಡಗಿದ್ದೇ ತಡ, ಭಾವ "ಇಳೀರಿ, ಇಳೀರಿ" ಎಂದರು. ಎಲ್ಲರೂ ಇಳಿದೆವು. ಹಗುರಾದ ಕಾರು ಬಾಲ ತಿರುಗಿಸಿಕೊಂಡು ಮತ್ತೆ ಬುಡಕ್ಕೇ ಜಾರಿತು.

ಆಮೇಲೆ ಭಾವ ಬೇಲಿಯ ಸೊಪ್ಪು ಮುರಿದು ಚಕ್ರದ ಕೆಳಗೆ ಹಾಸಿ ಹಿಂದೆ ನಿಂತು ತಳ್ಳಿದರು. ಚಕ್ರ ಸೊಪ್ಪು ಕೆಸರು ಎಲ್ಲವನ್ನೂ ಎತ್ತಿ ಅವರ ಮೇಲೇ ಎರಚಿತು. ಖಾಲಿ ಕಾರು ಒಂದು ಮಾರೂ ಮುಂದೆ ಹೋಗಲಿಲ್ಲ.

"ಕಾರು ಮಾರಾಕೆ ಓಗೋನು ಮದ್ವೆ ಗಂಡಿನಂಗೆ ಬಿಳಿ ಪಂಚೆ ಯಾಕ್ಲಾ ಉಟ್ಕಂಡೆ?" ಎಂದರು ಅತ್ತೆ.

ಭಾವ ಮುಖ ಒರೆಸಿಕೊಂಡು, "ಎತ್ತು ತತ್ತೀನಿ" ಎಂದು ಊರ ಕಡೆ ತಿರುಗಿದರು. ಯಜಮಾನರು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತರು.

ನಾನು ಚಕ್ರವನ್ನೇ ನೋಡುತ್ತ ನಿಂತಿದ್ದೆ. ಜನ ತುಂಬಿದ್ದ ಕಾರು ಅರ್ಧ ದಿಬ್ಬ ಹತ್ತಿತು, ಖಾಲಿ ಕಾರು ಅಲ್ಲಾಡಲಿಲ್ಲ. ನನಗೆ ಅಪ್ಪನ ಹೊಲದ ಕುಂಟೆ ನೆನಪಾಯಿತು. ಕುಂಟೆ ಹಗುರಾಗಿದ್ದರೆ ಅದರ ಅಲಗು ಮಣ್ಣಿನ ಮೇಲೆ ತೇಲಿಕೊಂಡು ಹೋಗುತ್ತದೆ. ಕಲ್ಲು ಹೇರಬೇಕು. ಕಲ್ಲಿಲ್ಲದ ದಿನ ಅಪ್ಪ ನನ್ನನ್ನೇ ಎತ್ತಿ ಅದರ ಮೇಲೆ ಕೂರಿಸುತ್ತಿದ್ದ. ನಾನು ಕೂತರೆ ಕಚ್ಚುತ್ತಿತ್ತು.

ಆಗಿನ ಕಾಲದಲ್ಲಿ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಅವರೂ ನನ್ನೊಂದಿಗೆ ಆಡುತ್ತಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ.

"ಅತ್ತೆಮ್ಮ, ಎತ್ತು ಬ್ಯಾಡ ಅಂತ ಯೋಳಿ. ನಾವು ಯಾರೂ ಇಳೀಬಾರ್ದಾಗಿತ್ತು."

"ನಾನ್ ಯಾಕೆ ಯೋಳ್ಲಿ, ಅಲ್ಲೇ ನಿಂತು ಕೇಳುಸ್ಕತಾ ಅವ್ನೆ."

ಭಾವ ಬೇಲಿಯ ಕಡೆ ಮುಖ ಮಾಡಿಕೊಂಡೇ ತಾಯಿಗೆ ಉತ್ತರ ಕೊಟ್ಟರು. "ಏರಲ್ಲಿ ಕುಂತು ಸವಾರಿ ಮಾಡೋ ಒಕ್ಕಲು ಮಕ್ಕಳ್ನ ನಾನು ಕಂಡಿಲ್ಲ ಅನ್ನವ್ವ."

"ಎತ್ತಾದ್ರೆ ಮುಂದ್ಗಡೆಯಿಂದ ಎಳೀತದೆ, ಇಳೀಬೇಕು. ಇದು ಇಂದ್ಗಡೆ ಚಕ್ರದಿಂದ ನೂಕ್ಕಂಡು ಓಗೋ ಗಾಡಿ. ಭಾರ ಆಕ್ದೆ ಕುಂಟೆ ಒಡುದ್ರೆ ಮಣ್ಣು ಕಚ್ತದಾ ಕೇಳಿ ಅತ್ತೆಮ್ಮ."

ಅತ್ತೆ ಮಗನ ಕಡೆ ತಿರುಗಿದರು. "ಕಚ್ತದೇನ್ಲಾ?"

"ಕಚ್ಚಾಕಿಲ್ಲ" ಎಂದರು ಭಾವ. ಬೇಸಾಯದ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

ಯಜಮಾನರು ತಲೆ ಎತ್ತಿದರು. ದೊರೆಯ ತೋಟದಲ್ಲಿ ಕೆಸರು ಬಂದರೆ ಹಿಂದಿನ ಚಕ್ರದ ಗಾಳಿ ಸ್ವಲ್ಪ ಬಿಡುತ್ತಿದ್ದರಂತೆ, ಟೈರು ಅಗಲವಾಗಿ ನೆಲ ಅಪ್ಪುತ್ತಿತ್ತಂತೆ. ನಮ್ಮೂರ ಕಲ್ಲಿಗೆ ಟೈರು ಒಡೆದೀತೆಂದು ಇವರು ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ಹೊಡೆಸಿಟ್ಟಿದ್ದರು. ಈಗ ಇಳಿದು ವಾಲ್ವಿಗೆ ಮೊಳೆ ಒತ್ತಿ ಹಿಂದಿನ ಎರಡೂ ಚಕ್ರದ ಗಾಳಿ ಬಿಟ್ಟರು, ಟೈರಿನ ಹೊಟ್ಟೆ ಒಂದಿಷ್ಟು ಉಬ್ಬುವ ತನಕ. ಕಾಲಿನಿಂದ ಒತ್ತುವ ಪಂಪು ಹೇಗೂ ಕಾರಿನಲ್ಲೇ ಇತ್ತು. ಗೇರೂ ಎರಡನೆಯದರಲ್ಲೇ ಎತ್ತುತ್ತೇನೆ ಎಂದರು. ಮೊದಲನೆಯದರಲ್ಲಿ ಬಲ ಜಾಸ್ತಿಯಾಗಿ ಚಕ್ರ ಸುತ್ತುತ್ತದೆ.

ಇನ್ನು ಭಾರ. ನಾನು ಆಗ ಕಡ್ಡಿ. ಅತ್ತೆ ನನಗಿಂತ ಕಡ್ಡಿ. ಇಬ್ಬರನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೆ ಒಂದು ಮೂಟೆ ರಾಗಿ ತೂಗುತ್ತಿರಲಿಲ್ಲ. ಭಾರ ಎಂದರೆ ಭಾವನವರೇ. ಅವರು ಕೂತರೆ ಕಾರಿನ ಮುಂಭಾಗ ಒಂದು ಕಡೆಗೆ ವಾಲುತ್ತಿತ್ತು. ಅವರು ಹಿಂದೆ ಬರಬೇಕು. ಆದರೆ ತಮ್ಮನ ಹೆಂಡತಿ ಕೂತ ಸೀಟಿನಲ್ಲಿ ಅವರು ಕೂರುವುದುಂಟೆ? ನಡುವೆ ಅತ್ತೆ ಕೂತರೂ ಸೀಟು ಒಂದೇ.

"ಡಿಕ್ಕಿ ಖಾಲಿ ಅದೆ ಅತ್ತೆಮ್ಮ" ಎಂದೆ. "ಚಕ್ರಕ್ಕಿಂತ್ಲೂ ಇಂದ್ಕೆ ಅದೆ. ಅಲ್ಲಿ ಭಾರ ಬಿದ್ರೆ ಇನ್ನೂ ವಾಸಿ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆ ಬದಿಯಲ್ಲಿ ಕುಕ್ಕರಿಸಿಬಿಟ್ಟರು.

"ನನ್ನೇನು ಬೂಸದ ಮೂಟೆ ಅನ್ಕಂಡವ್ಳಾ ಕೇಳವ್ವ."

"ಬೂಸದ ಮೂಟೆ ಅಗುರ ಕಣ್ಲಾ ಮಗ. ಅತ್ತು, ಕುಂತ್ಕೋ."

ಭಾವ ಆಗುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎತ್ತು ಬರುತ್ತಿತ್ತು, ಕಾರು ಹೋಗುತ್ತಿತ್ತು, ಅವರ ಆಯಿಲ್ ಇಂಜಿನ್ ಬರುತ್ತಿತ್ತು. ಆದರೆ ಅವರು ಮಾತಿಗೆ ಮೋಸ ಮಾಡುವ ಮನುಷ್ಯ ಅಲ್ಲ. ಆ ಒಂದು ವಿಷಯಕ್ಕೆ ನಾನು ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಪಂಚೆ ಮೇಲೆ ಕಟ್ಟಿದರು, ಡಿಕ್ಕಿಯ ಮುಚ್ಚಳ ಎತ್ತಿ ಒಳಗೆ ಕೂತು ಕಾಲು ಇಳಿಬಿಟ್ಟರು. ಕಾರಿನ ಹಿಂಭಾಗ ಮುಕ್ಕರಿದು ಕೆಳಗೆ ಕೂತಿತು. ನೋಡಿದ ಕೂಡಲೇ ನನಗೆ ಧೈರ್ಯ ಬಂತು.

ಯಜಮಾನರು ಈ ಸಲ ನುಗ್ಗಿಸಲಿಲ್ಲ. ಮಲಗಿದ ಮಗುವನ್ನು ದಾಟುವ ಹಾಗೆ ಕಾಲಿಟ್ಟರು. ಕಾರು ಹೊರಟಿತು. ಅರ್ಧ ದಿಬ್ಬದಲ್ಲಿ ಇಂಜಿನ್ನಿನ ಸದ್ದು ಏರಿತು, ಬಾಲ ಸ್ವಲ್ಪ ಪಕ್ಕಕ್ಕೆ ಹೋಯಿತು. ಆಗ ಹಿಂದಿನಿಂದ ಭಾವನವರ ದನಿ.

"ಬುಡ್ಲಾ, ಕಾಲು ಬುಡು. ಚಕ್ರ ಬರೀ ಸುತ್ತಾ ಅದೆ."

ಇವರು ಕಾಲು ಸಡಿಲಿಸಿದರು.

"ಆ, ಕಚ್ತು. ಈಗ ಒತ್ತು. ಮೆತ್ಗೆ. ಮೆತ್ಗೆ ಕಣ್ಲಾ. ಬುಡು. ಒತ್ತು."

ಡಿಕ್ಕಿಯಿಂದ ಬಗ್ಗಿದರೆ ಅವರಿಗೆ ಹಿಂದಿನ ಚಕ್ರ ಕಾಣುತ್ತಿತ್ತು. ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ಎಂದು ಅಲ್ಲಿಂದಲೇ ಕೂಗಿದರು. ಅವರು ಕಾರು ಮಾರಲು ಹೊರಟವರು ಎಂಬುದು ಅವರಿಗೇ ಮರೆತುಹೋಗಿತ್ತು. ನೇಗಿಲ ಸಾಲು ಡೊಂಕಾದಾಗ ಬೈಯುವ ದನಿಯಲ್ಲಿ ತಮ್ಮನನ್ನು ಬೈದು ಬೈದು ದಿಬ್ಬದ ನೆತ್ತಿಗೆ ತಂದುಬಿಟ್ಟರು.

ಮೇಲೆ ಬಂದು ಕಾರು ನಿಂತಿತು. ಯಜಮಾನರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಆ ಮುಖ ನಾನು ನೋಡಿದೆ.

ಭಾವ ಇಳಿದರು. ತಲೆಯಿಂದ ಕಾಲಿನವರೆಗೆ ಕೆಂಪು ಕೆಸರು. ಮುಂದೆ ಬಂದು ತಮ್ಮ ಜಾಗದಲ್ಲಿ ಕೂತರು. ಗಟ್ಟಿ ರಸ್ತೆ ಬಂದಾಗ ಅವರೇ ಬಾಯಿ ಬಿಟ್ಟರು.

"ನಿಲ್ಸು. ಗಾಳಿ ಒಡ್ಕೋ. ಇಂಗೇ ಓಡುಸುದ್ರೆ ಟೈರು ಆಳಾಯ್ತದೆ. ನಮ್ಮ ಕಾರು ನಾವು ನೋಡ್ಕಬೇಕಲ್ಲ."

ನಮ್ಮ ಕಾರು ಎಂದರು. ಅಲ್ಲಿಯವರೆಗೆ ಅವರು ಅದನ್ನು 'ನಿನ್ನ ಕಾರು' ಎನ್ನುತ್ತಿದ್ದರು. ಅತ್ತೆ ಮೊಣಕೈಯಿಂದ ನನ್ನನ್ನು ತಿವಿದರು.

ಹೊಳೆನರಸೀಪುರದಲ್ಲಿ ಭಾವ ಹೊಳೆಗಿಳಿದು ಪಂಚೆ ಒಗೆದುಕೊಂಡು, ಒದ್ದೆಯದನ್ನೇ ಉಟ್ಟು ಬಂದರು. ತಿರುಗಿ ಮನೆಗೆ ಹೋಗೋಣವೇ ಎಂದು ಇವರು ಕೇಳಿದ್ದಕ್ಕೆ ಬೇಡ ಎಂದರು. ಮಂಡಿಯವರಿಗೆ ಬರುತ್ತೇವೆ ಎಂದು ಹೇಳಿಯಾಗಿದೆ, ಕೊಡುವುದಿಲ್ಲ ಎನ್ನುವುದನ್ನೂ ಎದುರಿಗೇ ಹೇಳಬೇಕು. ಚನ್ನರಾಯಪಟ್ಟಣದಲ್ಲಿ ಮಂಡಿಯ ಮುಂದೆ ಕಾರು ನಿಲ್ಲಿಸಿದಾಗ ಅತ್ತೆ, ನಾನು ಒಳಗೇ ಕೂತಿದ್ದೆವು. ಮಾತು ಕೇಳಿಸುತ್ತಿತ್ತು.

"ಒಪ್ಪುದ್ಮೇಲೆ ಈಗ ಯಾಕ್ರೀ ಇಲ್ಲ ಅಂತೀರಿ?" ಮಂಡಿಯವರಿಗೆ ಸಿಟ್ಟು ಬಂದಿತ್ತು.

"ದಿಬ್ಬ ಅತ್ತುಬುಡ್ತು ಸಾ."

"ಅದುಕ್ಕೆ?"

"ಇಂಗೆ ಅತ್ತಿಸ್ಬೇಕು ಅಂತ ತಿಳಿದೋರು ನಮ್ಮನೇಲಿ ಅವ್ರೆ. ಅದು ಮೊದ್ಲು ಗೊತ್ತಿರ್ಲಿಲ್ಲ" ಎಂದರು ಭಾವ.

ಅವರ ಬಾಯಲ್ಲಿ ನನ್ನನ್ನು ಮೆಚ್ಚಿ ಬಂದ ಮಾತು ಅದೊಂದೇ. ನನಗೆ ಒಂದೇ ಸಾಕು. ಆ ಕಾರು ಆಮೇಲೆ ಎಷ್ಟೋ ಮಳೆಗಾಲ ಓಡಿತು, ನನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯ ದಿಬ್ಬಣವನ್ನೂ ಹೊತ್ತಿತು. ಅದಕ್ಕೆ ಮತ್ತೆ ಯಾರೂ ಎತ್ತು ಕಟ್ಟಲಿಲ್ಲ. ದಿಬ್ಬ ಬಂದರೆ ಯಜಮಾನರು ಜನಕ್ಕೆ ಹೇಳುತ್ತಿದ್ದರು, "ಇಳೀಬೇಡಿ, ಇಂದ್ಕೆ ಒರಗಿ ಕುಂತ್ಕಳಿ." ಹೇಳಿಕೊಟ್ಟವರು ಯಾರೆಂದು ಹೇಳುತ್ತಿರಲಿಲ್ಲ. ಅದನ್ನು ನಾನು ಹೇಳುತ್ತಿದ್ದೆ.

ಮಂಡಿಗೆ ಹೋದ ಆ ದಿನ ಎಲ್ಲರೂ ದಂಡಿಗನಹಳ್ಳಿಯ ನನ್ನ ತವರಿನಲ್ಲಿ ಉಳಿದೆವು. ಮರುದಿನ ಬೆಳಗ್ಗೆ ಭಾವ ಇನ್ನೂ ಜಗಲಿಯಲ್ಲಿ ಮಲಗಿದ್ದಾಗ ನಾನು ಎದ್ದು ಅಪ್ಪನ ಕೊಟ್ಟಿಗೆಯಿಂದ ಗೋಣಿಚೀಲಗಳನ್ನು ತೆಗೆದೆ. ಹಳ್ಳಕ್ಕೆ ಹೋಗಿ ಮಂಕರಿಯಲ್ಲಿ ಮರಳು ಹೊತ್ತು ತಂದು ಚೀಲಗಳಿಗೆ ತುಂಬಿ, ದಬ್ಬಳದಲ್ಲಿ ಬಾಯಿ ಹೊಲಿದೆ. ಭಾವನವರನ್ನು ದಿನಾ ಡಿಕ್ಕಿಯಲ್ಲಿ ಕೂರಿಸಲಾಗುವುದಿಲ್ಲವಲ್ಲ. ಯಜಮಾನರು ಚೀಲಗಳನ್ನು ಎತ್ತಿ ಡಿಕ್ಕಿಗಿಟ್ಟರು. ಆಮೇಲೆ ಕಾರಿನ ಸುತ್ತ ಒಂದು ಸಲ ಬಂದೆ. ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ಇವರು ಹಲ್ಲು ಇದ್ದ ಟೈರುಗಳನ್ನು ಮುಂದೆ ಹಾಕಿ, ಬೋಳು ಟೈರುಗಳನ್ನು ಹಿಂದೆ ಹಾಕಿದ್ದರು. ಜಾಕಿ ತೆಗೆಯಿರಿ ಎಂದೆ. ಇವರು ಚಕ್ರ ಬಿಚ್ಚಿಕೊಟ್ಟರು, ನಾನು ಸೆರಗು ಸಿಕ್ಕಿಸಿಕೊಂಡು ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಉರುಳಿಸಿದೆ.