ಸವಣೂರಿನವನ ಬೆರಳಿಗೆ ಹತ್ತಿದ ಗ್ರೀಸ್

ಹೆಂಡತಿಯ ಬ್ಯಾಟರಿ ಸ್ಕೂಟರ್ ಕೆಟ್ಟು ನಿಂತದ್ದು ಬೇರೆಲ್ಲೂ ಅಲ್ಲ, ಶಿಗ್ಗಾವಿಯಲ್ಲಿ ನನ್ನ ಗ್ಯಾರೇಜಿನ ಬಾಗಿಲಲ್ಲೇ. ಮೇಲೆ ಬೋರ್ಡು: ‘ಎಲ್ಲಾ ನಮೂನಿ ಟೂವ್ಹೀಲರ್ ರಿಪೇರಿ’. ಇಪ್ಪತ್ತು ವರ್ಷದಿಂದ ಎಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುವವನು ನಾನು. ಇದಕ್ಕೋ ಸಪ್ಪಳವೇ ಇಲ್ಲ. ಏನಂತ ಕೇಳಲಿ?

ಅವಳು ದಿನಾ ತಡಸದ ಅಂಗನವಾಡಿಗೆ ಹೋಗಬೇಕು. ಮೂರು ದಿನ ಮಳೆಯಲ್ಲಿ ಬಸ್ಸಿಗೆ ಕಾದು ಬೇಸತ್ತು, "ಊರಿಗೆ ಉಪಕಾರಿ, ಮನೀಗೆ ಮಾರಿ. ಮನೀ ಗಾಡಿ ಒಂದ ನಿಮ್ಮ ಕೈಲೆ ಆಗವಲ್ದು ನೋಡ್ರಿ" ಎಂದಳು. ಆ ಮಾತು ನಟ್ಟಿತು. ಗಂಡ ಕೈ ಪಳಗಿದ ಮೇಸ್ತ್ರಿ ಅನ್ನುವುದೊಂದೇ ಅವಳ ಮುಂದೆ ನನಗಿದ್ದ ದೊಡ್ಡ ಮರ್ಯಾದೆ.

ಕಂಪನಿಯವರು ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹೊರಗಿನ ಮೇಸ್ತ್ರಿಯನ್ನು ಹುಡುಕತೊಡಗಿದೆ. ಹಾನಗಲ್ಲಿನ ಬ್ಯಾಟರಿ ಅಂಗಡಿಯವನು, "ಸವಣೂರಾಗ ಒಬ್ಬ ಅದಾನರಿ" ಎಂದ. ಹಿರೇಕೆರೂರಿನ ನನ್ನ ಷಡ್ಡಕನೂ ಅವನನ್ನೇ ಹೇಳಿದ. "ಬಾಳ ಶಾಣ್ಯಾ ಮನಷ್ಯಾ" ಎಂದು ಒಗ್ಗರಣೆ ಬೇರೆ. ಯಾರೆಂದು ವಿಚಾರಿಸಿದರೆ, ನನ್ನ ಜೊತೆ ಒಂದೇ ಉಸ್ತಾದರ ಕೈಕೆಳಗೆ ಕಲಿತವನು! ಹೊಟ್ಟೆ ಉರಿದುಹೋಯಿತು. ಕಲಿಯುವಾಗ ಒಮ್ಮೆ ಅವನು ಎಂಜಿನ್ ಜೋಡಿಸಿ ಮುಗಿಸಿದ ಮೇಲೂ ಒಂದು ನಟ್ ಉಳಿದಿತ್ತು. ನಾನು ಅದನ್ನು ಎತ್ತಿ ಹಿಡಿದು ಓಣಿಗೆಲ್ಲ ತೋರಿಸಿ ನಗಿಸಿದ್ದೆ. ಅದಾದ ಮೇಲೆ ಅವನು ಎಂಜಿನ್ ಬಿಟ್ಟು, ಹೊಲದ ಪಂಪಿನ ಮೋಟರ್ ರಿಪೇರಿ ಹಿಡಿದ. ಈಗ ಆ ಮೋಟರಿನ ವಿದ್ಯೆಯೇ ಅವನ ಕೈ ಹಿಡಿದಿತ್ತು.

ಸಣ್ಣ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಇಬ್ಬರೂ ಹೋದೆವು. ಅವನ ಅಂಗಡಿ ಮುಂದೆ ಏಳೆಂಟು ಬ್ಯಾಟರಿ ಗಾಡಿ. ಯಲವಿಗಿಯಿಂದ, ನಮ್ಮದೇ ತಾಲೂಕಿನ ಹಿರೇಬೆಂಡಿಗೇರಿಯಿಂದಲೂ ಬಂದಿದ್ದರು. ನನ್ನ ಬಾಗಿಲಲ್ಲಿ ಆ ದಿನ ಇದ್ದದ್ದು ಎರಡು.

"ಬಾ ದೋಸ್ತ, ಕುಂದ್ರು. ಬರ್ರಿ ವೈನಿ" ಎಂದ. ಅವನ ಅಂಗಿಯ ಮೇಲೆ ಒಂದೂ ಎಣ್ಣೆ ಕಲೆ ಇರಲಿಲ್ಲ. ಅದಕ್ಕೂ ಉರಿದುಕೊಂಡೆ. ಅವನು ಮೀಟರ್ ಹಚ್ಚಿ ಒಂದೊಂದೇ ವೈರು ನೋಡುತ್ತ ಹೋಗಿ, ಸೀಟಿನ ಕೆಳಗೆ ವೈರುಗಳು ಕೂಡುವ ಒಂದು ಕನೆಕ್ಟರ್ ಬಿಚ್ಚಿದ. ಒಳಗೆಲ್ಲ ಕರಿ ಗ್ರೀಸ್.

ಹಿಂದಿನ ವಾರ ಗಾಡಿ ತೊಳೆದು, ಅಲ್ಲಿ ಗ್ರೀಸ್ ತುಂಬಿದ್ದು ನಾನೇ. ಎಂಜಿನ್ನಿಗೆ ಒಳ್ಳೆಯದಾದ ಗ್ರೀಸು ಇಲ್ಲಿ ಕರೆಂಟಿಗೇ ಅಡ್ಡ ಕೂತಿತ್ತು. "ಬಿಚ್ಚಿದ್ದಕ್ಕ ಗ್ರೀಸ್ ಹಚ್ಚಲಾರದ ಮುಚ್ಚಬ್ಯಾಡ್ರಿ" ಅನ್ನುವುದು ಉಸ್ತಾದರು ನಮ್ಮಿಬ್ಬರಿಗೂ ಕಲಿಸಿದ ಮೊದಲ ಪಾಠ. ಅದು ಯಾರ ಕೈಕೆಲಸ ಎಂದು ಅವನಿಗೆ ತಿಳಿಯದೆ ಇದ್ದೀತೇ? ಬೆರಳಿಗೆ ಹತ್ತಿದ ಗ್ರೀಸನ್ನು ತಿಕ್ಕಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಏನಾಗಿತ್ರಿ ಅಣ್ಣಾರ?" ಹೆಂಡತಿ ಕೇಳಿದಳು.

"ಏನಿಲ್ಲರಿ ವೈನಿ, ಮಳಿ ನೀರು ಹೊಕ್ಕಿತ್ತು" ಎಂದು ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಕನೆಕ್ಟರ್ ಸ್ವಚ್ಛ ಮಾಡಿ ಹಾಕಿದ. ಗಾಡಿ ಹೊರಟಿತು.

ವಾಪಸ್ ಬರುವಾಗ ಅವಳು ಓಡಿಸುತ್ತಿದ್ದಳು, ನಾನು ಹಿಂದೆ ಕೂತಿದ್ದೆ. "ಮಳಿ ನೀರು ಹೊಕ್ರ ನೀವರ ಏನ್ ಮಾಡ್ತೀರಿ ಬಿಡ್ರಿ. ನಾನ ಸುಮ್ಮನ ಅಂದ್ನಿ" ಎಂದಳು.

ನಾನು ಹೂಂ ಎಂದೆ.

ಅವನ ವಿದ್ಯೆಯನ್ನು ಆರು ತಿಂಗಳು ಕೂತು ನಾನೂ ಕಲಿತೇನು. ಆದರೆ ಅವನ ಜಾಗದಲ್ಲಿ ನಾನಿದ್ದಿದ್ದರೆ, ಆ ಬೆರಳನ್ನು ಎತ್ತಿ ಹಿಡಿದು ಓಣಿಗೆಲ್ಲ ತೋರಿಸುತ್ತಿದ್ದೆ. ಅದಕ್ಕೇ ಅವನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.