ಏಳದ ಕೈಯನ್ನು ಕಂಡವರು

ಶಿಕೊಕು ದ್ವೀಪದ ಬೇಸ್‌ಬಾಲಿನ ಮಾತು ಬಂದರೆ ಶ್ರೀ ಕುರಾಮೋಚಿ ಸೇಯ್‌ಜಿಯವರನ್ನು ನೆನೆಯದೆ ಮುಂದೆ ಹೋಗುವವರು ನಮ್ಮ ಮತ್ಸುಯಾಮಾದಲ್ಲಿಲ್ಲ. ಪಿಚ್ಚರ್ ಆಗಿ ಚೆಂಡೆಸೆದು, ಮ್ಯಾನೇಜರ್ ಆಗಿ ತಂಡ ಕಟ್ಟಿ, ಈಗ ಕ್ಲಬ್ಬಿನ ಮುಖ್ಯಾಧಿಕಾರಿಯಾಗಿ ನಿವೃತ್ತರಾಗುತ್ತಿರುವ ಈ ಹಿರಿಯರ ಗರಡಿಯಲ್ಲಿ ಪಳಗಿದ್ದು ನನ್ನ ಪುಣ್ಯ.

ಅವರು ವೇಗಕ್ಕಿಂತ ತಾಳ್ಮೆಯನ್ನು ನಂಬಿ ಎಸೆದವರು. ಎದುರಾಳಿಗೆ ಚೆಂಡು ಬಾರಿಸಿ ಬೇಸ್ ಮುಟ್ಟುವ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸುವ, ಪ್ರತಿ ಪಿಚ್ಚರನೂ ಕನಸು ಕಾಣುವ ಭಾಗ್ಯ ಮಾತ್ರ ಅವರಿಗೆ ಕೊನೆಗೂ ಒಲಿಯಲಿಲ್ಲ. ಮ್ಯಾನೇಜರ್ ಆದ ಮೇಲೆ, ಹೊಸ ಚೆಂಡು ಕೊಟ್ಟ ಅಂಪೈರಿಗೆ ಟೋಪಿ ತೆಗೆದು ನಮಿಸದ ಹುಡುಗರನ್ನು ಮೈದಾನದ ಸುತ್ತ ಓಡಿಸುತ್ತಿದ್ದರು. ಓಡಿ ಬಂದವರಿಗೆ ತಾವೇ ಬಿಸಿ ಉದೋನ್ ಶ್ಯಾವಿಗೆ ತಿನ್ನಿಸುತ್ತಿದ್ದರು. ಎಂಥ ದಿನಗಳವು!

ನಾನು ಅವರ ತಂಡದ ಪಿಚ್ಚರ್ ಆಗಿದ್ದಾಗ, ಒಂದು ಬೇಸಿಗೆಯ ಪಂದ್ಯದಲ್ಲಿ ಎಂಟು ಇನ್ನಿಂಗ್ಸ್‌ವರೆಗೂ ಒಂದೂ ಹಿಟ್ ಕೊಟ್ಟಿರಲಿಲ್ಲ. ಉಳಿದದ್ದು ಒಂದೇ ಇನ್ನಿಂಗ್ಸ್. ಬಾಗಿ ಸೊಂಟದ ಮಟ್ಟದಿಂದ ಎಸೆಯುವವನಾದ್ದರಿಂದ ನನ್ನ ಬಲಭುಜದ ನೋವು ಯಾರಿಗೂ ಕಂಡಿರಲಿಲ್ಲ. ಅಂಪೈರ್ ಹೊಸ ಚೆಂಡು ಕೊಟ್ಟರು, ನಾನು ತಲೆಯಷ್ಟೇ ಬಗ್ಗಿಸಿದೆ. ಕುರಾಮೋಚಿಯವರು ನೆಟ್ಟಗೆ ನನ್ನ ಬಳಿ ನಡೆದು ಬಂದರು.

"ಟೋಪಿ ಯಾಕೋ ತೆಗೀಲಿಲ್ಲ?"

"ಮರೆತೆ ಸರ್."

"ಮರೆಯೋ ಪೈಕಿನೇನೋ ನೀನು? ಕೈ ಮೇಲಕ್ಕೇಳ್ತಿಲ್ಲ, ಅಲ್ವಾ? ಚೆಂಡು ಕೊಡಿಲ್ಲಿ."

"ಇನ್ನೊಂದೇ ಇನ್ನಿಂಗ್ಸ್ ಸರ್, ನಿಮ್ಮ ದಮ್ಮಯ್ಯ!"

ಅವರು ಚೆಂಡು ಕಿತ್ತುಕೊಂಡರು. ನನ್ನ ನಂತರ ಬಂದವನು ಹಿಟ್ ಕೊಟ್ಟ, ಪಂದ್ಯವೂ ಕೈತಪ್ಪಿತು. "ಹೊಟ್ಟೆಕಿಚ್ಚೇನಯ್ಯಾ ಕುರಾಮೋಚಿ? ನಿನ್ ಕೈಲಾಗದ್ದನ್ನ ಹುಡುಗ ಮಾಡ್ಬಾರ್ದಾ?" ಎಂದು ಪ್ರೇಕ್ಷಕರು ಕೂಗಿದರು. ಪತ್ರಕರ್ತರಿಗೆ ಅವರು, "ತೆಗೀಬೇಕು ಅನ್ನಿಸ್ತು, ತೆಗೆದೆ" ಎಂದಷ್ಟೇ ಹೇಳಿದರು.

ನಿಜ ಹೇಳಿಬಿಡುತ್ತೇನೆಂದು ಹೊರಟ ನನ್ನನ್ನು ತಡೆದರು. "ಬಾಯ್ಮುಚ್ಚು. ಭುಜ ಕೆಟ್ಟಿರೋ ಪಿಚ್ಚರನ್ನ ಮುಂದಿನ ವರ್ಷ ಯಾರೋ ಇಟ್ಕೋತಾರೆ?"

ಆ ಶರತ್ಕಾಲದಲ್ಲಿ ಅವರ ಮ್ಯಾನೇಜರ್ ಹುದ್ದೆ ಹೋಯಿತು. ಚಳಿಗಾಲದ ವಿಶ್ರಾಂತಿಯಲ್ಲಿ ನನ್ನ ಭುಜ ಸರಿಹೋಯಿತು. ಮದುವೆ, ಮನೆ, ಮಕ್ಕಳು ಎಲ್ಲವೂ ಆ ಭುಜದ ಮೇಲೆಯೇ ನಡೆದವು. ಮುಂದೆ ಕ್ಲಬ್ಬು ಅವರನ್ನು ಅಧಿಕಾರಿಯಾಗಿ ಮರಳಿ ಕರೆಯಿತು, ಅವರು ನನ್ನನ್ನು ತರಬೇತುದಾರನಾಗಿ ಕರೆದರು. ಆದರೆ 'ಹೊಟ್ಟೆಕಿಚ್ಚಿನ ಕುರಾಮೋಚಿ' ಎಂಬ ಅಡ್ಡಹೆಸರು ಮಾತ್ರ ಅವರನ್ನು ಬಿಡಲಿಲ್ಲ. ಅದು ಕಿವಿಗೆ ಬಿದ್ದಾಗಲೆಲ್ಲ ಅವರು ನಗುತ್ತಿದ್ದರು.

ಇಂದು ಅವರ ಅಪ್ಪಣೆ ಮೀರಿ ನಡೆದದ್ದನ್ನು ಬರೆದಿದ್ದೇನೆ. ಈ ಬೀಳ್ಕೊಡುಗೆಯ ಪುಸ್ತಕ ಕೈಸೇರಿದೊಡನೆ ಅವರು ಕೆಂಡವಾಗುವುದು ಖಂಡಿತ. ಆ ಕೋಪ ತೀರುವವರೆಗೂ ನನ್ನನ್ನು ಬೈಯುವಷ್ಟು ದೀರ್ಘಾಯುಷ್ಯ, ಗಟ್ಟಿ ದನಿ ಅವರದಾಗಲಿ, ಬೈಸಿಕೊಳ್ಳಲು ನಾನಿದ್ದೇನೆ.

— ಇನಾಗಾಕಿ ಕೋಹೇಯ್